ಸಾಸಿವೆಯ ಸಾಕ್ಷಿ

ನಮ್ಮ ಅಡಿಗೆಮನೆಯ ಕಟ್ಟೆಯ ಕೆಳಗೆ ಬೇರೆಯೇ ಒಂದು ಸಂಸಾರ ಬೀಡುಬಿಟ್ಟಿದೆ. ಭಾಂಡೆ ತಿಕ್ಕುವ ಹಸಿರು ದ್ರವ, ಅರಿವೆ ಒಗೆಯುವ ಪುಡಿ, ನೆಲ ಒರೆಸುವುದೊಂದು, ಗಾಜು ಒರೆಸುವುದೊಂದು, ಬಿಳಿ ಫಿನಾಯಿಲ್, ಪಾಯಖಾನೆಗೆ ಹಾಕುವ ಆಸಿಡ್, ಬಿಳಿ ಅರಿವೆಗೆಂದು ಬ್ಲೀಚು. ಒಮ್ಮೆ ಕುಳಿತು ಎಣಿಸಿದೆ. ಹನ್ನೊಂದು ಬಾಟಲಿಗಳಾದವು. ನನ್ನ ಅವ್ವನ ಕಾಲಕ್ಕೆ ಅದೇ ಜಾಗದಲ್ಲಿ ಇದ್ದದ್ದು ಒಲೆಯ ಬೂದಿ ಮತ್ತು ಒಂದಿಷ್ಟು ಹುಣಸೆಹಣ್ಣು. ಬಚ್ಚಲಲ್ಲಿ ಅಂಟುವಾಳ, ಸೀಗೇಕಾಯಿ. ಆಗಿನ ಕಾಲವೇ ಚೆನ್ನಾಗಿತ್ತು ಎಂದು ಹಾಡಲು ನಾನು ಹೊರಟಿಲ್ಲ. ಬೂದಿಯಲ್ಲಿ ತಿಕ್ಕಿ ತಿಕ್ಕಿ ಅವ್ವನ ಬೆರಳ ಸಂದುಗಳು ಸೀಳಿದ್ದನ್ನು ಕಣ್ಣಾರೆ ಕಂಡವಳು ನಾನು.

ಆದರೆ ಬೂದಿಯ ಮೇಲೆ ಯಾರೂ ನಿಂಬೆಹಣ್ಣಿನ ಚಿತ್ರ ಅಂಟಿಸಿರಲಿಲ್ಲ. ಈಗಿನ ಬಾಟಲಿಗಳನ್ನು ನೋಡಿ, ಒಂದರ ಮೇಲೆ ಹೆಚ್ಚಿದ ನಿಂಬೆಹಣ್ಣು, ಇನ್ನೊಂದರ ಮೇಲೆ ಮಲ್ಲಿಗೆ, ಮತ್ತೊಂದರ ಮೇಲೆ ಬೇವಿನ ಎಸಳು. ಹಿತ್ತಲವನ್ನೇ ಕಿತ್ತು ಬಾಟಲಿಗೆ ತುಂಬಿದ್ದಾರೇನೋ ಎನ್ನಬೇಕು. ಹಿಂಬದಿಯಲ್ಲಿ ಮಾತ್ರ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಕಣ್ಣಿಗೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ, ವೈದ್ಯರನ್ನು ಕಾಣಿ ಎಂದು ಬರೆದಿರುತ್ತದೆ. ಅದನ್ನು ಓದಲು ನನಗೆ ಕನ್ನಡಕವೂ ಬೇಕು, ಭೂತಗನ್ನಡಿಯೂ ಬೇಕು. ಮುಂದೆ ನಿಂಬೆಹಣ್ಣು, ಹಿಂದೆ ವೈದ್ಯರು. ಈ ಎರಡರ ನಡುವೆ ನಿಜ ಎಲ್ಲಿದೆ ಎಂಬ ಪ್ರಶ್ನೆ ಬಹಳ ದಿನ ನನ್ನ ತಲೆಯಲ್ಲಿ ಸುಮ್ಮನೆ ಕುಳಿತಿತ್ತು. ಅದಕ್ಕೆ ಚಾಲನೆ ಸಿಕ್ಕಿದ್ದು ಒಂದು ಬೇಸಿಗೆಯಲ್ಲಿ.

ಮಲಪ್ರಭೆಯ ನೀರು ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ಬರುತ್ತಿದ್ದ ಬೇಸಿಗೆ ಅದು. ಧಾರವಾಡದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಕೊಡ, ಬಕೀಟು, ಹಂಡೆ, ಕಡೆಗೆ ಇಡ್ಲಿ ಪಾತ್ರೆಯಲ್ಲೂ ನೀರು ತುಂಬಿಡುವ ದಿನಗಳು. ನಿವೃತ್ತರಾಗಿ ಮನೆಯಲ್ಲಿ ಕೂತ ನಮ್ಮ ಮನೆಯವರಿಗೆ ಆಗ ಒಂದು ಯೋಚನೆ ಹೊಳೆಯಿತು. ಅರಿವೆ ಒಗೆಯುವ ಮಷಿನ್ನಿನ ಪೈಪಿಗೆ ಇನ್ನೊಂದು ಉದ್ದದ ಪೈಪು ಜೋಡಿಸಿ, ಒಗೆದ ನೀರನ್ನೆಲ್ಲ ಹಿತ್ತಲಿಗೆ ಬಿಡುವುದು. ಎರಡು ದಿನ ಓಡಾಡಿ, ತಂತಿ ಕಟ್ಟಿ, ಅಂತೂ ಜೋಡಿಸಿಯೇ ಬಿಟ್ಟರು. ಬೂದುಬಣ್ಣದ ನೊರೆನೀರು ಕರಿಬೇವಿನ ಬುಡಕ್ಕೆ ಹರಿಯುವುದನ್ನು ಅವರು ಭಗೀರಥನ ಠೀವಿಯಲ್ಲಿ ನಿಂತು ನೋಡಿದರು. ಮೂರು ವಾರದಲ್ಲಿ ಕರಿಬೇವಿನ ಎಲೆಯಂಚು ಸುಟ್ಟಂತಾಯಿತು. ಬಿಸಿಲಿಗೆ ಎಂದು ಅವರು, ನೊರೆಗೆ ಎಂದು ಅತ್ತೆಯವರು. ಮನೆಯಲ್ಲಿ ಎರಡು ಪಕ್ಷಗಳಾದವು.

ಇದೇ ಹೊತ್ತಿಗೆ ನಮ್ಮಲ್ಲಿ ಭಾಂಡೆ ತಿಕ್ಕಲು ಬರುವಾಕೆ ಎರಡು ದಿನ ಮುಖ ಸಣ್ಣದು ಮಾಡಿಕೊಂಡೇ ಕೆಲಸ ಮಾಡಿದಳು. ಕೇಳಿದರೆ ಮೊದಲು ಏನೂ ಇಲ್ಲ ಎಂದಳು. ಮತ್ತೆ ಕೇಳಿದಾಗ ಬಾಯಿಬಿಟ್ಟಳು. ಊರ ಹೊರಗೆ ಗಟಾರದ ನೀರೆಲ್ಲ ಸೇರಿ ಹರಿಯುವ ಹಳ್ಳವಿದೆ. ಅದರ ದಂಡೆಗೆ ನಾಲ್ಕು ಮಾರು ಜಾಗದಲ್ಲಿ ಆಕೆ ಮೆಂತೆ, ಕೊತ್ತಂಬರಿ, ರಾಜಗಿರಿ ಹಾಕುತ್ತಾಳೆ. ನಾಲ್ಕು ಮನೆಯ ಕೆಲಸ ಮುಗಿಸಿ ಸಂಜೆ ಅಲ್ಲಿಗೆ ಹೋಗಿ ನೀರು ಹಾಯಿಸಿ, ಬೆಳಿಗ್ಗೆ ಸೊಪ್ಪು ಕಿತ್ತು ಸಿವುಡು ಕಟ್ಟಿ ಮಾರುತ್ತಾಳೆ. ಆ ಸಲ ಮೆಂತೆ ಸರಿಯಾಗಿ ಹುಟ್ಟಲೇ ಇಲ್ಲ.

"ಅಲ್ಲೊಂದು ಇಲ್ಲೊಂದು ತಲಿ ಎತ್ತೇತಿ ನೋಡ್ರಿ ಬಾಯಾರ. ಉಳದದ್ದೆಲ್ಲ ಮಣ್ಣಾಗs ಕೊಳತೈತಿ. ಅಂಗಡಿಯಾಂವ ಹಳೇ ಬೀಜ ಕೊಟ್ಟಾನ. ಹೋಗಿ ಬೈದ ಬಂದೆ. ಅಂವ ನಿನ್ನ ನೀರs ಸುಮಾರಿಲ್ಲ ಅಂತಾನ. ಈಗ ಮತ್ತ ಬೀಜ ತರಬೇಕು, ಕೈಯಾಗ ರೊಕ್ಕಿಲ್ಲ."

ಬೀಜ ಕೆಟ್ಟದ್ದೋ, ನೀರು ಕೆಟ್ಟದ್ದೋ? ನಮ್ಮ ಮನೆಯ ಕರಿಬೇವಿನ ಜಗಳವೂ ಆಕೆಯ ಮೆಂತೆಯ ಜಗಳವೂ ಒಂದೇ ಎಂದು ನನಗೆ ಆಗ ಅನ್ನಿಸಿತು. ವ್ಯತ್ಯಾಸವಿಷ್ಟೇ, ನಮಗೆ ಕರಿಬೇವು ಹೋದರೆ ಒಗ್ಗರಣೆ ಸಪ್ಪೆಯಾಗುತ್ತದೆ, ಆಕೆಗೆ ಮೆಂತೆ ಹೋದರೆ ತಿಂಗಳ ಸಂತೆ ತಪ್ಪುತ್ತದೆ.

ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಹಳ ವರ್ಷ ಜೀವಶಾಸ್ತ್ರ ಕಲಿಸಿದವಳು. ಇಂಥ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಬಿಳಿ ಕೋಟು ಹಾಕಿದವರಷ್ಟೇ ಅಲ್ಲ, ಸಾಸಿವೆ ಡಬ್ಬಿಯಲ್ಲಿಯೂ ಇದ್ದಾರೆ ಎಂಬುದು ನನಗೆ ಗೊತ್ತಿತ್ತು. ಬೀಜದಿಂದ ವಿಷ ಪರೀಕ್ಷಿಸುವುದು ಹೊಸ ಮಾತೇನೂ ಅಲ್ಲ. 1938ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಎಂಬಾತ ಉಳ್ಳಾಗಡ್ಡಿಯ ಬೇರುಗಳನ್ನು ಕಾಲ್ಚಿಸಿನ್ ಎಂಬ ಮದ್ದಿನ ನೀರಿನಲ್ಲಿ ಇಳಿಬಿಟ್ಟು, ಬೇರಿನ ತುದಿಯ ಜೀವಕೋಶಗಳು ಒಡೆದು ಎರಡಾಗುವ ಕೆಲಸ ಹೇಗೆ ಕೆಡುತ್ತದೆ ಎಂದು ತೋರಿಸಿದ. ಇದೇ ಲೆವಾನ್ ಮುಂದೆ 1956ರಲ್ಲಿ ಜೋ ಹಿನ್ ತಿಯೋ ಎಂಬುವರೊಡನೆ ಕೂಡಿ, ಮನುಷ್ಯನ ವರ್ಣತಂತುಗಳು 48 ಅಲ್ಲ 46 ಎಂದು ಪ್ರಕಟಿಸಿದ. ಅಮೇರಿಕದ ಶಾಲೆಗಳಲ್ಲಿ ಮಕ್ಕಳು ಲೆಟ್ಯೂಸ್ ಎಂಬ ಸೊಪ್ಪಿನ ಬೀಜದಿಂದ ಇಂಥ ಪ್ರಯೋಗ ಮಾಡುತ್ತಾರೆ. 1981ರಲ್ಲಿ ಇಟಲಿಯ ಝುಕೋನಿ ಮತ್ತು ಸಂಗಡಿಗರು, ಕಾಂಪೋಸ್ಟ್ ಗೊಬ್ಬರ ಚೆನ್ನಾಗಿ ಕಳಿತಿದೆಯೋ ಇಲ್ಲ ಇನ್ನೂ ಬೆಳೆಗೆ ಕೆಡುಕು ಮಾಡುವಂತಿದೆಯೋ ಎಂದು ನೋಡಲು ಕ್ರೆಸ್ ಎಂಬ ಬೀಜ ಬಳಸಿದರು. ಕ್ರೆಸ್ ಎಂದರೆ ಯಾವುದೋ ಪರದೇಶದ ವಸ್ತು ಎಂದುಕೊಳ್ಳಬೇಡಿ. ನಮ್ಮ ಕಡೆ ಬಾಣಂತಿಗೆ ಪಾಯಸ ಮಾಡಿಕೊಡುವ ಅಳವಿ ಬೀಜವೇ ಅದು! ನೀರು ತಾಕಿದೊಡನೆ ಲೋಳೆ ಸುತ್ತಿಕೊಳ್ಳುವ ಆ ಕೆಂಪು ಕಾಳು ಪ್ರಯೋಗಶಾಲೆಯಲ್ಲಿ ಪರೀಕ್ಷಕನ ಕುರ್ಚಿಯಲ್ಲಿ ಕೂತಿದೆ ಎಂದು ಓದಿದಾಗ ನನಗೆ ತವರಿನವರು ಯಾರೋ ದೊಡ್ಡ ಹುದ್ದೆಗೆ ಏರಿದಷ್ಟು ಸಂತೋಷವಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ ಈಜಿಪ್ಟಿನ ಹೆಂಗಸರು ಸಿಗುತ್ತಾರೆ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಒಂದು ಪಪೈರಸ್ ಬರಹದಲ್ಲಿ ಬಸಿರು ಪರೀಕ್ಷೆಯ ವಿಧಾನವಿದೆ. ಹೆಂಗಸು ತನ್ನ ಮೂತ್ರವನ್ನು ಗೋಧಿ ಮತ್ತು ಬಾರ್ಲಿಯ ಮೇಲೆ ದಿನವೂ ಹೊಯ್ಯಬೇಕು. ಮೊಳೆತರೆ ಬಸಿರು, ಮೊಳೆಯದಿದ್ದರೆ ಇಲ್ಲ. ಬಾರ್ಲಿ ಮೊಳೆತರೆ ಗಂಡು, ಗೋಧಿ ಮೊಳೆತರೆ ಹೆಣ್ಣು ಎಂದೂ ಸೇರಿಸಿದ್ದಾರೆ. 1963ರಲ್ಲಿ ಈಜಿಪ್ಟಿನ ವೈದ್ಯರೇ ಇದನ್ನು ಮಾಡಿ ನೋಡಿದರು. ಬಸುರಿಯರ ಪೈಕಿ ಸುಮಾರು 70 ಪ್ರತಿಶತ ಮಂದಿಯ ವಿಷಯದಲ್ಲಿ ಕಾಳು ಮೊಳೆಯಿತು, ಬಸಿರಿಲ್ಲದವರದಕ್ಕೆ ಮೊಳೆಯಲಿಲ್ಲ. ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಕಾಳು ಹೇಳಲಿಲ್ಲ. ಒಳ್ಳೆಯದೇ ಆಯಿತೆನ್ನಿ.

ಈಗ ನಮ್ಮ ಮನೆಯ ಪ್ರಯೋಗಕ್ಕೆ ಬರೋಣ. ಬೇಕಾದದ್ದು ಹಳೆಯ ಕಪ್ಪು-ಬಸಿಗಳ ಬಸಿ, ಹರಿದ ಧೋತರದ ಬಿಳಿ ಅರಿವೆ, ಸಾಸಿವೆ, ಒಂದು ಚಮಚೆ, ಒಂದು ಅಳತೆಪಟ್ಟಿ. ಅರಿವೆಯನ್ನು ಮೊದಲು ಬರೀ ನೀರಿನಲ್ಲಿ ಕುದಿಸಿ ಹಿಂಡಬೇಕು, ಇಲ್ಲದಿದ್ದರೆ ಅದರೊಳಗೇ ಸಾಬೂನು ಕೂತಿರುತ್ತದೆ. ಸಾಸಿವೆ ಅಡಿಗೆಮನೆಯದೇ ಆಗಬೇಕು. ಬಿತ್ತನೆಗೆಂದು ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುವ ಬೀಜಕ್ಕೆ ಎಷ್ಟೋ ಸಲ ಬೂಷ್ಟು ಹಿಡಿಯದಂತೆ ಗುಲಾಬಿಯೋ ನೀಲಿಯೋ ಔಷಧಿ ಲೇಪಿಸಿರುತ್ತಾರೆ. ಸಾಕ್ಷಿ ಹೇಳುವವನಿಗೆ ಮೊದಲೇ ಕುಡಿಸಿ ತಂದ ಹಾಗೆ ಅದು. ಬಸಿಯಲ್ಲಿ ಅರಿವೆ ಹಾಸಿ, ಪರೀಕ್ಷಿಸಬೇಕಾದ ನೀರನ್ನು ಎರಡು ಚಮಚೆ ಹಾಕಿ, 20 ಕಾಳು ಹರವಿ, ಮೇಲೊಂದು ಬಸಿ ಬೋರಲು ಹಾಕಿ, ಕತ್ತಲೆಯಲ್ಲಿ ನಾಲ್ಕು ದಿನ ಇಡುವುದು. ಒಂದು ಬಸಿಗೆ ಮಾತ್ರ ಒಳ್ಳೆಯ ನೀರು. ಈ ಒಳ್ಳೆಯ ನೀರಿನ ಬಸಿಯೇ ಎಲ್ಲಕ್ಕೂ ಹಿರಿಯಳು. ಅದರಲ್ಲಿ ಮೊಳಕೆ ಸರಿಯಾಗಿ ಬರದಿದ್ದರೆ ಉಳಿದ ಬಸಿಗಳ ಮಾತಿಗೆ ಬೆಲೆಯಿಲ್ಲ.

ಇಪ್ಪತ್ತೇ ಯಾಕೆ ಎಂದರೆ, ಒಂದು ಕಾಳು ಮೊಳೆಯದಿದ್ದರೆ ಅದು ಹುಟ್ಟಿನಿಂದಲೇ ಸತ್ತದ್ದಾಗಿರಬಹುದು. ಒಬ್ಬ ಹುಡುಗಿ ನಪಾಸಾದರೆ ಹುಡುಗಿಯ ಕಡೆ ನೋಡಬೇಕು, ಇಡೀ ವರ್ಗ ನಪಾಸಾದರೆ ಮಾಸ್ತರಿಣಿಯ ಕಡೆ ನೋಡಬೇಕು. ನಮ್ಮ ಮುಖ್ಯೋಪಾಧ್ಯಾಯಿನಿಯವರ ಸೂತ್ರ ಇದು.

ದ್ರವ ತೆಳು ಮಾಡುವ ರೀತಿಯೂ ಸುಲಭ. ಒಂದು ಚಮಚೆ ದ್ರವಕ್ಕೆ ಒಂಬತ್ತು ಚಮಚೆ ನೀರು. ಹತ್ತರಲ್ಲಿ ಒಂದಾಯಿತು. ಅದರಿಂದ ಒಂದು ಚಮಚೆ ತೆಗೆದು ಮತ್ತೆ ಒಂಬತ್ತು ಚಮಚೆ ನೀರು, ನೂರರಲ್ಲಿ ಒಂದು. ಮತ್ತೊಮ್ಮೆ ಮಾಡಿದರೆ ಸಾವಿರದಲ್ಲಿ ಒಂದು. ನಮ್ಮ ಮನೆಯವರು ಹೋಮಿಯೋಪತಿಯ ಭಕ್ತರು. ಪಕ್ಕದಲ್ಲಿ ನಿಂತು ನೋಡಿ, "ಇದು ನಮ್ಮ ಪದ್ಧತಿನೇ ಅದಲ್ಲ!" ಎಂದು ಖುಷಿಪಟ್ಟರು. ಅವರ ಗುಳಿಗೆ ತೆಳುವಾದಷ್ಟೂ ಜೋರಂತೆ. ನನ್ನ ಸಾಸಿವೆ ಮಾತ್ರ ತೆಳುವಾದಷ್ಟೂ ಸುಖವಾಗಿತ್ತು.

ಪಡಸಾಲೆಯ ಕಪಾಟಿನಲ್ಲಿ ಸಾಲಾಗಿ ಮುಚ್ಚಿಟ್ಟ ಬಸಿಗಳನ್ನು ಕಂಡು ಅತ್ತೆಯವರು ಅವಾಕ್ಕಾದರು. "ದಸರಾ ಇನ್ನೂ ಆರು ತಿಂಗಳದ. ಈಗs ಘಟ್ಟ ಹಾಕೀಯೇನವಾ?" ಎಂದರು. ತಿಳಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಘಟ್ಟದ ಮೊಳಕಿ ನೋಡಿ ವರ್ಷದ ಬೆಳಿ ಹೇಳತಿದ್ದ ನಮ್ಮ ಅಜ್ಜಿನೂ ಪ್ರಯೋಗನೇ ಮಾಡತಿದ್ಲು ಅನ್ನು" ಎಂದರು. ಈ ಮಾತನ್ನು ನಾನು ಅಲ್ಲಗಳೆಯಲಾರೆ. ಘಟ್ಟದ ಮಣ್ಣಿನಲ್ಲಿ ಮನೆಯ ಬೀಜ ಎಷ್ಟು ಮೊಳೆಯಿತು ಎಂದು ಬಿತ್ತನೆಗೆ ಮೊದಲು ಗೊತ್ತಾದರೆ ರೈತನಿಗೆ ಅದಕ್ಕಿಂತ ದೊಡ್ಡ ಮಾತು ಬೇರೆ ಯಾವುದು?

ನಾಲ್ಕನೆಯ ದಿನ ತೆರೆದೆವು. ಒಳ್ಳೆಯ ನೀರಿನಲ್ಲಿ 20ರಲ್ಲಿ 19 ಮೊಳೆತು, ಬೇರು ಸರಾಸರಿ 36 ಮಿಲಿಮೀಟರ್ ಇಳಿದಿತ್ತು. ನಮ್ಮ ಮನೆಯವರೇ ಕಂಪಾಸಿನ ಮುಳ್ಳು ಹಿಡಿದು ಅಳೆದರು. ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ, ಅರ್ಧ ಮಿಲಿಮೀಟರ್ ಕೂಡ ಬಿಡಲಿಲ್ಲ. ಮಷಿನ್ನಿನಿಂದ ಮೊದಲು ಹೊರಬೀಳುವ ಸಾಬೂನು ನೀರಿನಲ್ಲಿ 14 ಮೊಳೆತಿದ್ದವು, ಆದರೆ ಬೇರು 8 ಮಿಲಿಮೀಟರ್, ತುದಿ ಕಂದು. ಎರಡನೆಯ ನೀರಿನಲ್ಲಿ 18 ಮೊಳೆತು ಬೇರು 20ಕ್ಕೆ ಏರಿತ್ತು. ಮೂರನೆಯ ಸಲ ಜಾಲಿಸಿದ ನೀರಿನಲ್ಲಿ 19, ಬೇರು 33. ಒಳ್ಳೆಯ ನೀರಿಗೂ ಅದಕ್ಕೂ ಹೇಳಿಕೊಳ್ಳುವ ಅಂತರವಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಶಾಲೆಯಲ್ಲಿಯೂ ನಾನು ಇದನ್ನು ಒತ್ತಿ ಹೇಳುತ್ತಿದ್ದೆ. ಮೊಳೆತವೆಷ್ಟು ಎಂದು ಎಣಿಸುವುದಷ್ಟೇ ಸಾಲದು, ಬೇರು ಅಳೆಯಬೇಕು. ಬೀಜದೊಳಗೆ ತಾಯಿ ಗಿಡ ಕಟ್ಟಿಕೊಟ್ಟ ಬುತ್ತಿ ಇರುತ್ತದೆ, ಮೇಲೆ ಗಟ್ಟಿ ಸಿಪ್ಪೆ ಇರುತ್ತದೆ. ಹೊರಗೆ ಏನೇ ಇದ್ದರೂ ಮೊದಲ ದಿನ ಆ ಬುತ್ತಿಯ ಬಲದಿಂದ ಕಣ್ಣು ಬಿಟ್ಟುಬಿಡುತ್ತದೆ. ಬೇರು ಹೊರಗೆ ಇಳಿದ ಮೇಲೆ ಕಷ್ಟ ಶುರು. ಬೇರಿನ ತುದಿಯಲ್ಲಿ ಜೀವಕೋಶಗಳು ಎಡೆಬಿಡದೆ ಹುಟ್ಟುತ್ತಿರುತ್ತವೆ, ಅವಕ್ಕೆ ಹೊದಿಕೆಯೂ ಕಡಿಮೆ. ಜಿಡ್ಡು ಕರಗಿಸುವುದೇ ಸಾಬೂನಿನ ಕಸುಬಲ್ಲವೆ? ಜೀವಕೋಶದ ಗೋಡೆಯ ಒಳಗಿನ ತೆಳು ಪೊರೆಯೂ ಜಿಡ್ಡಿನದೇ. ಹೀಗಾಗಿ ಭಾಂಡೆಯ ಜಿಡ್ಡು ತೆಗೆಯುವುದು ಬೇರಿನ ತುದಿಯನ್ನೂ ಬಿಡುವುದಿಲ್ಲ. ಸಣ್ಣ ಬೀಜಕ್ಕೆ ಬುತ್ತಿ ಸಣ್ಣದು, ಬೇಗ ಸೋಲುತ್ತದೆ. ಅದಕ್ಕೇ ಈ ಕೆಲಸಕ್ಕೆ ಹೆಸರುಕಾಳಿಗಿಂತ ಸಾಸಿವೆ ವಾಸಿ.

ನಿಂಬೆಹಣ್ಣಿನ ಚಿತ್ರದ ದ್ರವದ ಗತಿ ಏನಾಯಿತೆಂದು ನೀವು ಕೇಳುತ್ತಿರಬಹುದು. ಹತ್ತರಲ್ಲಿ ಒಂದಾಗಿ ತೆಳು ಮಾಡಿದ್ದರಲ್ಲಿ ಒಂದೂ ಮೊಳೆಯಲಿಲ್ಲ. ನೂರರಲ್ಲಿ ಒಂದಾಗಿ ಮಾಡಿದ್ದರಲ್ಲಿ ಐದು ಕಾಳು ಬಾಯಿಬಿಟ್ಟು ಅಲ್ಲಿಗೇ ನಿಂತವು. ಸಾವಿರದಲ್ಲಿ ಒಂದು ಮಾಡಿದ್ದರಲ್ಲಿ ಬಹುತೇಕ ಎಲ್ಲ ಮೊಳೆತವು, ಬೇರು ಮಾತ್ರ ಮುಕ್ಕಾಲು. ಇದನ್ನು ಕೇಳಿ ಅತ್ತೆಯವರಿಗೆ ಪರಮಾನಂದ. ಅಂಟುವಾಳದ ನೊರೆಯನ್ನೂ ಇಡು ಎಂದು ಪಟ್ಟುಹಿಡಿದರು. ಇಟ್ಟೆ. ಕುದಿಸಿದ ಗಟ್ಟಿ ಅಂಟುವಾಳದ ನೀರಿನಲ್ಲೂ ಒಂದು ಕಾಳು ಮೊಳೆಯಲಿಲ್ಲ, ಹತ್ತಕ್ಕೆ ಒಂದು ಮಾಡಿದಾಗ ಬೇರು ಅರ್ಧಕ್ಕೆ ನಿಂತಿತು! ಒಂದು ಲೋಟ ನೀರಿಗೆ ಒಂದು ಚಮಚೆ ಅಡಿಗೆ ಉಪ್ಪು ಹಾಕಿದ್ದರಲ್ಲೂ ಅದೇ ಕತೆ. ನಾವು ದಿನಾ ತಿನ್ನುವ ಉಪ್ಪು ಬೀಜದೊಳಗೆ ನೀರು ಹೋಗಗೊಡಲಿಲ್ಲ. ಗಿಡದಿಂದ ಬಂದದ್ದೆಲ್ಲ ಸಾಧು, ಕಾರ್ಖಾನೆಯಿಂದ ಬಂದದ್ದೆಲ್ಲ ಕ್ರೂರಿ ಎಂಬ ಮಾತು ಬಸಿಯ ಮುಂದೆ ನಿಲ್ಲುವುದಿಲ್ಲ. ವಿಷವಲ್ಲದ ವಸ್ತುವೇ ಇಲ್ಲ, ಪ್ರಮಾಣವೇ ವಿಷವನ್ನು ವಿಷ ಮಾಡುವುದು ಎಂಬ ಅರ್ಥದ ಮಾತನ್ನು ಹದಿನಾರನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ಹೇಳಿಹೋಗಿದ್ದಾನೆ. ಅತ್ತೆಯವರು ಪ್ಯಾರಾಸೆಲ್ಸಸ್‌ನನ್ನು ಒಪ್ಪಲಿಲ್ಲ. ಅಂಟುವಾಳ ಕುದಿಸಿದ ಪಾತ್ರೆಯಲ್ಲೇ ಏನೋ ದೋಷವಿತ್ತು ಎಂದು ಈಗಲೂ ಅವರ ವಾದ.

ಆಸಿಡ್ಡನ್ನೂ ಜಿರಲೆ ಔಷಧಿಯನ್ನೂ ನಾನು ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ. ಅವು ಕೆಟ್ಟವೆಂದು ತಿಳಿಯಲು ಸಾಸಿವೆ ಬೇಕಾಗಿಲ್ಲ. ಇನ್ನೊಂದು ಮಾತು, ಪಾಯಖಾನೆಯ ಆಸಿಡ್ಡನ್ನೂ ಬ್ಲೀಚನ್ನೂ ಎಂದೂ ಕೂಡಿಸಬಾರದು, ಕ್ಲೋರಿನ್ ಗಾಳಿ ಎದ್ದು ಎದೆ ಹಿಡಿಯುತ್ತದೆ. ಪ್ರಯೋಗದ ಬಸಿಗಳನ್ನು ಮತ್ತೆ ಚಹಾಕ್ಕೆ ಬಳಸುವುದೂ ಬೇಡ.

ಹಿತ್ತಲಿನ ಜಗಳ ಹೀಗೆ ತೀರಿತು. ಮೊದಲ ನೀರು, ಎರಡನೆಯ ನೀರು ಗಟಾರಕ್ಕೆ, ಮೂರನೆಯದು ಮಾತ್ರ ಗಿಡಕ್ಕೆ. ಅದಕ್ಕಾಗಿ ನಮ್ಮ ಮನೆಯವರು ಪೈಪಿಗೆ ಒಂದು ತೋಟಿ ಕೂಡಿಸಿದರು. ಆದರೂ ಸಾಬೂನಿನ ಸೋಡಿಯಂ ಸಣ್ಣಗೆ ಮಣ್ಣಿನಲ್ಲಿ ಕೂಡುತ್ತಾ ಹೋದರೆ ನಮ್ಮ ಎರೆಮಣ್ಣು ಬಿರುಸಾಗಿ ನೀರು ಹೀರದಂತಾಗುತ್ತದೆ. ನಾಲ್ಕು ದಿನದ ಬಸಿಗೆ ಅದು ಕಾಣುವುದಿಲ್ಲ. ಮಳೆಗಾಲದಲ್ಲಿ ಮಣ್ಣು ತೊಳೆದುಹೋಗಲಿ ಎಂದು ಆಗ ಪೈಪು ಬಿಚ್ಚಿಡುತ್ತೇವೆ.

ಆದರೆ ಗಟಾರಕ್ಕೆ ಬಿಟ್ಟೆ ಎಂದೆನಲ್ಲ, ಆ ಗಟಾರ ಹೋಗುವುದು ಎಲ್ಲಿಗೆ? ಆಕೆಯ ಮೆಂತೆಯ ಕಡೆಗೇ. ನಮ್ಮ ಓಣಿಯದೊಂದೇ ಅಲ್ಲ, ನೂರಾರು ಓಣಿಗಳದ್ದು. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರು ಊರಿನ ಕೊಳೆನೀರು ಹಾಯಿಸಿ ಕಾಯಿಪಲ್ಲೆ ಬೆಳೆಯುವುದನ್ನು 2000ದ ನಂತರದ ವರ್ಷಗಳಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯದವರೂ ಇಂಗ್ಲೆಂಡಿನ ಕಡೆಯವರೂ ಅಧ್ಯಯನ ಮಾಡಿ ಬರೆದಿದ್ದಾರೆ. ಬೇಸಿಗೆಯಲ್ಲೂ ಬತ್ತದ ನೀರು, ಗೊಬ್ಬರದ ಸತ್ವ ಕೂಡಿದ ನೀರು. ಬಡವರು ಅದನ್ನು ಬಿಡುವುದು ಸುಲಭವಲ್ಲ.

ಆಕೆಗೆ ನಾನು ಹೇಳಿದೆ, "ಅಂಗಡಿಯವನ ಬೀಜ ಉಳಿದಿದ್ದರ ಒಂದ ಹಿಡಿ ತಾ. ಹಳ್ಳದ ನೀರು ಮುಂಜಾನೆಯದೊಂದು ಬಾಟ್ಲಿ, ಸಂಜೀದೊಂದು ಬಾಟ್ಲಿ ತಾ." ಆಕೆಯ ಬೀಜ, ನಮ್ಮ ಡಬ್ಬಿಯ ಮೆಂತೆ, ಎರಡನ್ನೂ ಒಳ್ಳೆಯ ನೀರಿನಲ್ಲೂ ಹಳ್ಳದ ನೀರಿನಲ್ಲೂ ಇಟ್ಟರೆ ಯಾರ ತಪ್ಪೆಂಬುದು ತಾನೇ ತಿಳಿಯುತ್ತದೆ. ನಾಲ್ಕು ದಿನ ಆಕೆ ಕೆಲಸಕ್ಕೆ ಬಂದೊಡನೆ ಮೊದಲು ಕಪಾಟಿನ ಕಡೆಗೇ ಹೋಗುತ್ತಿದ್ದಳು, ಬಸಿ ಮಾತ್ರ ಮುಟ್ಟುತ್ತಿರಲಿಲ್ಲ.

ಆಕೆಯ ಬೀಜ ನಮ್ಮ ನೀರಿನಲ್ಲಿ 20ಕ್ಕೆ 18 ಮೊಳೆಯಿತು. ಅಂಗಡಿಯವನು ಪಾರಾದ. "ಅಯ್ಯ, ಅಂವಗ ಸುಮ್ಮನs ಬಾಯಿಗೆ ಬಂದಂಗ ಬೈದೆನಲ್ರಿ!" ಎಂದು ಸೆರಗು ಬಾಯಿಗಿಟ್ಟಳು. ಮುಂಜಾನೆಯ ಹಳ್ಳದ ನೀರಿನಲ್ಲೂ ಎರಡೂ ಬೀಜ ಚೆನ್ನಾಗಿಯೇ ಮೊಳೆತಿದ್ದವು. ಬೇರು ಒಳ್ಳೆಯ ನೀರಿಗಿಂತ ಒಂದು ಕೈ ಉದ್ದವೇ! ಸಂಜೆಯ ನೀರಿನಲ್ಲಿ ನಮ್ಮ ಮೆಂತೆಯೂ ಆಕೆಯ ಮೆಂತೆಯೂ ಒಂದೇ ಗತಿ, ಐದಾರು ಕಾಳು ಸೀಳಿ ತುದಿ ಕಪ್ಪಾಗಿ ಕೂತಿದ್ದವು.

ಒಂದು ದಿನದ ಸಂಜೆಯಿಂದ ತೀರ್ಪು ಕೊಡಲಾಗದು. ಆರು ದಿನ ಸಂಜೆಯ ನೀರು ತರಲು ಹೇಳಿದೆ. ಆಕೆಗೆ ಓದುಬರಹ ಬಾರದು. ಬಾಟಲಿಯ ಕೊರಳಿಗೆ ದಾರ ಕಟ್ಟಿ ಸೋಮವಾರಕ್ಕೆ ಒಂದು ಗಂಟು, ಮಂಗಳವಾರಕ್ಕೆ ಎರಡು, ಹೀಗೆ ಗಂಟು ಹಾಕಿ ತಂದಳು. ನಾನು ಹೊಳೆಯಿಸಿದ್ದಲ್ಲ, ಆಕೆಯದೇ ಉಪಾಯ. ಆರರಲ್ಲಿ ನಾಲ್ಕು ಬಸಿ ಹಸಿರಾದವು. ಎರಡು ಗಂಟಿನದು ಮತ್ತು ಐದು ಗಂಟಿನದು ಸತ್ತವು. ಮಂಗಳವಾರ ಮತ್ತು ಶುಕ್ರವಾರ. ಆಕೆ ಬಸಿಗಳನ್ನು ಬಹಳ ಹೊತ್ತು ನೋಡಿ, "ಆ ಎರಡ ದಿನ ನೀರಿಗೆ ಬ್ಯಾರೆ ವಾಸನಿ ಇರತೈತ್ರಿ" ಎಂದಳು.

ಹಳ್ಳದ ಮೇಲ್ಭಾಗದಲ್ಲಿ ಯಾರು ಏನು ಬಿಡುತ್ತಾರೆ ಎಂಬ ಬಗ್ಗೆ ಆಕೆಗೆ ಒಂದು ಅಂದಾಜಿದೆ, ನನಗೂ ಇದೆ. ಆದರೆ ಬೀಜ ಹೆಸರು ಹೇಳುವುದಿಲ್ಲ. ಆಮ್ಲವೋ ಕ್ಷಾರವೋ ಬಣ್ಣವೋ ಎಣ್ಣೆಯೋ ಎಂಬುದನ್ನೂ ಹೇಳುವುದಿಲ್ಲ. ಇಲ್ಲಿ ನನಗೆ ಬದುಕಲಾಗಲಿಲ್ಲ ಎಂದಷ್ಟೇ ಅದರ ಹೇಳಿಕೆ. 1974ರ ಜಲ ಕಾಯಿದೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, ಪ್ರಯೋಗಾಲಯದಲ್ಲಿ ನೀರು ಪರೀಕ್ಷೆಯಾಗಬೇಕು. ಅರ್ಜಿ ಬರೆದುಕೊಡುತ್ತೇನೆ, ಹೆಬ್ಬೆಟ್ಟು ಒತ್ತು ಎಂದೆ. ಆಕೆ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ. ಅರ್ಜಿ ನೋಡಿ ಅವರು ಬಂದ್ರ ಮೊದಲ ಕೇಳೂದು ಈ ಜಾಗಾ ಯಾರದಂತ."

ನಾನು ಆ ಮಾತನ್ನು ಯೋಚಿಸಿರಲಿಲ್ಲ. ದಂಡೆಯ ಆ ನಾಲ್ಕು ಮಾರು ಆಕೆಯದಲ್ಲ. ಇಷ್ಟು ವರ್ಷ ಯಾರೂ ಕೇಳಿಲ್ಲ, ಅಷ್ಟೇ. ನೀರು ಕೆಟ್ಟಿದೆ ಎಂದು ಸಾಬೀತು ಮಾಡಲು ಹೋದರೆ ನೆಲವೇ ಹೋಗುತ್ತದೆ. ಅರ್ಜಿಯ ಮಾತು ಅಲ್ಲಿಗೆ ನಿಂತಿತು. ಅಕ್ಕಪಕ್ಕದ ಪಟ್ಟಾ ಇರುವ ರೈತರು ಯಾರಾದರೂ ಮುಂದೆ ಬಂದರೆ ಬರೆದುಕೊಡೋಣ ಎಂದು ಕಾಗದ ಇನ್ನೂ ನನ್ನ ಮೇಜಿನಲ್ಲಿದೆ.

ಇನ್ನು ಆ ಮುಂಜಾನೆಯ ನೀರು. ಬೇರು ಒಂದು ಕೈ ಉದ್ದ ಬೆಳೆದಾಗ ಆಕೆ ಹಿಗ್ಗಿದಳು, ನನಗೆ ಹಿಗ್ಗಲಾಗಲಿಲ್ಲ. ಕೊಳೆನೀರಿನಲ್ಲಿ ಸಾರಜನಕವಿದೆ, ರಂಜಕವಿದೆ. ಬೀಜಕ್ಕೆ ಅದು ಹಬ್ಬದೂಟ. ಅದೇ ನೀರಿನಲ್ಲಿ ಭೇದಿಯ ರೋಗಾಣುಗಳಿವೆ, ಹುಳದ ತತ್ತಿಗಳಿವೆ. ಬರಿಗಾಲಲ್ಲಿ ಆ ಕೆಸರು ತುಳಿಯುವವರಿಗೆ ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಮೆಂತೆಯ ಕಾಳಿಗೆ ಇದರ ಗೊಡವೆ ಇಲ್ಲ. ಬಸಿ ಹಸಿರಾಯಿತೆಂದರೆ ಗಿಡಕ್ಕೆ ಒಗ್ಗಿತು ಎಂದು ಅರ್ಥ, ನನಗೆ ನಿಮಗೆ ಒಗ್ಗಿತು ಎಂದಲ್ಲ. ದಿನವೂ ಆ ನಿಂಬೆಹಣ್ಣಿನ ದ್ರವದಲ್ಲಿ ಕೈ ಅದ್ದುವ ಆಕೆಯ ಅಂಗೈ ಬಿರಿದಿರುವುದನ್ನೂ ಸಾಸಿವೆ ಹೇಳಲಿಲ್ಲ, ಅದು ನನಗೆ ಕಣ್ಣಿಗೇ ಕಾಣುತ್ತಿತ್ತು. ಈಗ ರಬ್ಬರಿನ ಕೈಗವಸು ತಂದಿಟ್ಟಿದ್ದೇನೆ. ಜಾರುತ್ತದೆ ಎಂದು ಒಂದೇ ಕೈಗೆ ಹಾಕಿಕೊಳ್ಳುತ್ತಾಳೆ.

ಆಕೆಯ ಮೆಂತೆ ತಿನ್ನುವವರಲ್ಲಿ ನಾವೂ ಇದ್ದೇವೆ. ವಾರಕ್ಕೆರಡು ಸಿವುಡು. ನಿಲ್ಲಿಸಿಬಿಡಬಹುದಿತ್ತು. ಪೇಟೆಯಲ್ಲಿ ಕೊಂಡರೆ ಅದು ಯಾವ ಹಳ್ಳದ ದಂಡೆಯದೆಂದು ಯಾರು ಬಲ್ಲರು? 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಳೆನೀರಿನ ಬೇಸಾಯದ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿ ಬಡವರೂ ಮಾಡಬಹುದಾದ ಕೆಲವು ಮಾತುಗಳಿವೆ. ಅವನ್ನೇ ಆಕೆಗೆ ತಿಳಿಯುವಂತೆ ಹೇಳಿದೆ. ನೀರನ್ನು ಎಲೆಯ ಮೇಲೆ ಚಿಮುಕಿಸದೆ ಬುಡಕ್ಕೆ ಹಾಯಿಸು, ಕೀಳುವ ಮೊದಲು ನಾಲ್ಕು ದಿನ ಹಳ್ಳದ ನೀರು ಬಿಡಬೇಡ, ಕಿತ್ತ ಮೇಲೆ ಸೊಪ್ಪನ್ನು ಅದೇ ಹಳ್ಳದಲ್ಲಿ ಅದ್ದಿ ತೊಳೆಯಬೇಡ, ಕಾಲಿಗೆ ಬೂಟು ಹಾಕಿಕೋ. ಮೊದಲ ಮೂರಕ್ಕೆ ಹೂಂ ಎಂದಳು. ಕೊನೆಯದಕ್ಕೆ ಸೊಂಟಕ್ಕೆ ಕೈಕೊಟ್ಟು ನಕ್ಕಳು. "ಬೂಟ ಹಾಕ್ಕೊಂಡು ಮೆಂತೆ ಕೀಳಾಕ ನಾ ಏನ್ ಫೌಜದಾರನೇನ್ರಿ?" ನಮ್ಮ ಮನೆಯವರ ಹಳೆಯ ಗಂಬೂಟು ಒಯ್ದಿದ್ದಾಳೆ. ಹಾಕಿಕೊಳ್ಳುತ್ತಾಳೋ ಇಲ್ಲವೋ ನಾನು ನೋಡಲು ಹೋಗಿಲ್ಲ. ಮನೆಗೆ ಬಂದ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು ಬೇಯಿಸಿಯೇ ತಿನ್ನುತ್ತೇವೆ. ಹಸಿಮೆಂತೆಯ ಪಚಡಿ ನಮ್ಮ ಮನೆಯಲ್ಲಿ ನಿಂತುಹೋಯಿತು. ಅತ್ತೆಯವರಿಗೆ ಇದೊಂದು ಕೊರಗು.

ಮಂಗಳವಾರ ಮತ್ತು ಶುಕ್ರವಾರ ಆಕೆ ಈಗ ಸಂಜೆಗೆ ಮೊದಲೇ ಹೋಗಿ ತನ್ನ ಕಾಲುವೆಯ ಬಾಯಿಗೆ ಕೆಸರು ಮೆತ್ತಿ ಬರುತ್ತಾಳೆ. ಮಾರನೆಯ ಮುಂಜಾನೆ ಒಡೆಯುತ್ತಾಳೆ. ಆ ದಿನ ನಮ್ಮ ಮನೆಯ ಭಾಂಡೆ ಸಂಜೆಯ ಬದಲು ಮಧ್ಯಾಹ್ನವೇ ಆಗಬೇಕು, ಊಟ ಬೇಗ ಮುಗಿಸಬೇಕು. ನಮ್ಮ ಮನೆಯವರು ಗೊಣಗುತ್ತಲೇ ಒಂದು ಗಂಟೆಗೆ ತಟ್ಟೆ ತೊಳೆಯಲು ಹಾಕುತ್ತಾರೆ. ಎರಡನೆಯ ಸಲದ ಮೆಂತೆ ಹುಟ್ಟಿತು. ಅಂಗಡಿಯವನಿಗೆ ಮೊದಲ ಸಿವುಡು ಪುಕ್ಕಟೆ ಕೊಟ್ಟು ಬಂದಳಂತೆ, ಅಂವ ಏನೂ ಮಾತಾಡಲಿಲ್ಲವಂತೆ.

ಮೊನ್ನೆ ಮತ್ತೆ ಒಂದು ಬಾಟಲಿ ತಂದು ಕಟ್ಟೆಯ ಮೇಲಿಟ್ಟಳು. ದಾರಕ್ಕೆ ಗಂಟಿಲ್ಲ. ಹಳ್ಳದ್ದಲ್ಲ, ಅವರ ಓಣಿಯಲ್ಲಿ ಹೊಸದಾಗಿ ಕೊರೆದ ಬೋರಿನದಂತೆ, ಕುಡಿಯಲು ಬಿಟ್ಟಿದ್ದಾರೆ, ಬಾಯಿಗೆ ಉಪ್ಪುಪ್ಪಾಗುತ್ತದೆ. ಕುಡಿಯುವ ನೀರಿಗೆ ಸಾಸಿವೆ ಸಾಲದು, ಜಿಲ್ಲೆಯ ಪ್ರಯೋಗಾಲಯಕ್ಕೇ ಕೊಡಬೇಕು ಎಂದು ಹೇಳಿ ಬಾಟಲಿ ತೆಗೆದಿಟ್ಟೆ. ಅಲ್ಲಿಯವರೆಗೆ ನಮ್ಮ ಮನೆಯಿಂದ ಎರಡು ಕೊಡ ಒಯ್ಯಿ ಎಂದೆ. ಆದರೂ ಆಕೆಯ ಸಮಾಧಾನಕ್ಕೆಂದು ಒಂದು ಬಸಿಯಲ್ಲಿ 20 ಕಾಳು ಹಾಕಿದ್ದೇನೆ, ಪಕ್ಕದಲ್ಲಿ ಒಳ್ಳೆಯ ನೀರಿನದೊಂದು. ನಾಡಿದ್ದು ತೆರೆಯಬೇಕು. ನಮ್ಮ ಮನೆಯವರು ಕಂಪಾಸು ಹುಡುಕುತ್ತಿದ್ದಾರೆ.